ಒಂದೇ ಹಡಗು, ಎರಡು ವಾರ, ಅಪ್ಪನ ರೈಲು

"ಅವೇ ಊರುಗಳನ್ನ ಎರಡು ಸಲ ನೋಡೋಕೆ ಎರಡು ಸಲ ದುಡ್ಡು ಕೊಡ್ತಾರೇನೇ ಪುಟ್ಟಿ?"

ಹಾಸನದಿಂದ ಅಮ್ಮ ಫೋನಲ್ಲಿ ಕೇಳಿದ್ದು ಇದು. ನಾನು ಕೆಲಸ ಮಾಡೋದು ಕೆನಡಾದ ವ್ಯಾಂಕೂವರ್‌ನಲ್ಲಿ. ಆಗಸ್ಟ್‌ನಲ್ಲಿ ಅಪ್ಪ, ಅಮ್ಮ ಬರುವವರಿದ್ದರು. ನಾನು ಹಾಕಿದ್ದ ಪ್ಲಾನ್ ಹೀಗಿತ್ತು: ಮೊದಲ ವಾರ ವ್ಯಾಂಕೂವರ್‌ನಿಂದ ಅಲಾಸ್ಕಾದ ವಿಟಿಯರ್‌ಗೆ, ಎರಡನೇ ವಾರ ಅದೇ ಹಡಗಿನಲ್ಲಿ ವಿಟಿಯರ್‌ನಿಂದ ವಾಪಸ್ ವ್ಯಾಂಕೂವರ್‌ಗೆ. ಬ್ಯಾಕ್ ಟು ಬ್ಯಾಕ್ ಕ್ರೂಸ್ ಅನ್ನೋದು ಇದಕ್ಕೇ. ಒಂದು ಪ್ರವಾಸ ಮುಗಿದ ದಿನವೇ, ಹಡಗು ಬಿಡದೆ ಇನ್ನೊಂದನ್ನು ಶುರು ಮಾಡೋದು.

ಕಾರಣ ಅಪ್ಪ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ವರ್ಷಗಟ್ಟಲೆ ಹಳಿ ನೋಡಿಕೊಂಡವರು. ಮೂರು ವರ್ಷದಿಂದ ಪಾರ್ಕಿನ್‌ಸನ್ಸ್ ಇದೆ. ನಡಿಗೆ ನಿಧಾನ, ಹೊಸ ಜಾಗ ಅಂದ್ರೆ ಗಲಿಬಿಲಿ. ಪ್ರತಿ ರಾತ್ರಿ ಹೊಸ ಹೋಟೆಲು, ಪ್ರತಿ ಬೆಳಗ್ಗೆ ಪ್ಯಾಕಿಂಗು ಅನ್ನೋ ಟೂರ್ ಅವರಿಂದ ಆಗಲ್ಲ. ಹಡಗಿನಲ್ಲಾದರೆ ಸೂಟ್‌ಕೇಸ್ ಬಿಚ್ಚೋದು ಒಂದೇ ಸಲ. ಹದಿನಾಲ್ಕು ರಾತ್ರಿ ಅದೇ ಮಂಚ, ಕತ್ತಲಲ್ಲೂ ಕೈಗೆ ಸಿಗುವ ಅದೇ ಬಾತ್‌ರೂಮಿನ ಹಿಡಿ.

ಅಪ್ಪನಿಗಿದ್ದ ಆಸೆಯೂ ಒಂದೇ. ಸ್ಕ್ಯಾಗ್‌ವೇ ಊರಿನ ವೈಟ್ ಪಾಸ್ ರೈಲು.

ಎಲ್ಲವೂ ಎರಡೆರಡು

ಹಡಗು ಒಂದೇ ಆದ್ರೂ ಕಂಪನಿಯ ಲೆಕ್ಕದಲ್ಲಿ ಇದು ಎರಡು ಬುಕಿಂಗ್. ಇದು ತಲೆಗೆ ಹೋಗೋಕೆ ನನಗೆ ಸ್ವಲ್ಪ ಸಮಯ ಹಿಡೀತು. ಇಂಟರ್‌ನೆಟ್ ಪ್ಯಾಕೇಜ್, ಊಟದ ಸಮಯ, ದಿನದ ಟಿಪ್ಸ್, ಗಾಲಿಕುರ್ಚಿಯ ವಿನಂತಿ ಎಲ್ಲವನ್ನೂ ಎರಡು ಕಡೆ ಹೇಳಬೇಕು. ಎರಡೂ ವಾರ ಒಂದೇ ಕ್ಯಾಬಿನ್ ಸಿಗುತ್ತಾ ಅಂತ ದುಡ್ಡು ಕಟ್ಟುವ ಮೊದಲೇ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಮಧ್ಯದ ದಿನ ಗಂಟುಮೂಟೆ ಕಟ್ಟಿ ಕ್ಯಾಬಿನ್ ಬದಲಿಸಬೇಕು. ಆಮೇಲೆ ಬ್ಯಾಕ್ ಟು ಬ್ಯಾಕ್‌ನ ಅರ್ಧ ಸುಖ ಹೋದ ಹಾಗೇ.

ವೀಸಾ ವಿಷಯ. ಹಡಗು ಹತ್ತೋದು ಕೆನಡಾದಲ್ಲಾದರೂ ಅಲಾಸ್ಕಾ ಇರೋದು ಅಮೆರಿಕದಲ್ಲಿ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇಕೇ ಬೇಕು. ವ್ಯಾಂಕೂವರ್‌ನ ಕೆನಡಾ ಪ್ಲೇಸ್ ಬಂದರಿನಲ್ಲಿ ಹಡಗು ಹತ್ತುವ ಮುಂಚೆಯೇ ಅಮೆರಿಕದ ಅಧಿಕಾರಿಗಳು ಪಾಸ್‌ಪೋರ್ಟ್ ನೋಡ್ತಾರೆ. ಅಮೆರಿಕದ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ನಾನು ಮೊದಲು ವೀಸಾ ಮಾಡಿಸಿ ಆಮೇಲೆ ಹಡಗು ಬುಕ್ ಮಾಡಿದೆ.

ಇನ್ನೊಂದು ವಿಚಿತ್ರ ಕಾನೂನು ಇದೆ. 1886ರ ಅಮೆರಿಕದ ಕಾಯ್ದೆ ಪ್ರಕಾರ ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಸುಮ್ಮನೆ ಇಳಿಸುವ ಹಾಗಿಲ್ಲ. ನಡುವೆ ದೂರದ ವಿದೇಶಿ ಬಂದರೊಂದು ಬರಬೇಕು. ಕೆನಡಾ ಈ ಲೆಕ್ಕಕ್ಕೆ ಹತ್ತಿರದ ದೇಶ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ವಿದೇಶಿ ಬಾವುಟದವೇ. ಹಾಗಾಗಿ ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರ್‌ಗೆ ಒಂದು ಕ್ರೂಸ್, ಅದೇ ಹಡಗಿನಲ್ಲಿ ವ್ಯಾಂಕೂವರ್‌ನಿಂದ ವಿಟಿಯರ್‌ಗೆ ಇನ್ನೊಂದು ಅಂತ ಜೋಡಿಸಿದರೆ, ಬಿಡಿಬಿಡಿಯಾಗಿ ಎರಡೂ ಸರಿ, ಒಟ್ಟಿಗೆ ತಪ್ಪು! ದಂಡ ಬಿದ್ದರೆ ಅದು ಪ್ರಯಾಣಿಕರ ತಲೆಗೇ ಬರಬಹುದು. ನಮ್ಮದು ವ್ಯಾಂಕೂವರ್‌ನಲ್ಲೇ ಶುರುವಾಗಿ ಅಲ್ಲೇ ಮುಗಿಯೋದರಿಂದ ತೊಂದರೆ ಇರಲಿಲ್ಲ.

ಇನ್ನು ಮಾತ್ರೆ. ಅಪ್ಪನ ಮಾತ್ರೆಗಳು ದಿನಕ್ಕೆ ನಾಲ್ಕು ಹೊತ್ತು, ಸಮಯ ತಪ್ಪಿದರೆ ಕಾಲು ಏಳಲ್ಲ. ಅಲಾಸ್ಕಾದ ಗಡಿಯಾರ ವ್ಯಾಂಕೂವರ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನಲ್ಲಿ ಹೋಗ್ತಾ ಗಡಿಯಾರ ಹಿಂದಕ್ಕೆ, ಬರ್ತಾ ಮುಂದಕ್ಕೆ ತಿರುಗಿಸ್ತಾರೆ. ಅದಕ್ಕೆ ಅಪ್ಪನ ಹಳೇ ಎಚ್‌ಎಂಟಿ ವಾಚನ್ನು ವ್ಯಾಂಕೂವರ್ ಸಮಯದಲ್ಲೇ ಬಿಟ್ಟೆವು. ಮಾತ್ರೆಗೆ ಎಚ್‌ಎಂಟಿ, ಊಟಕ್ಕೆ ಹಡಗಿನ ಗಡಿಯಾರ. ಇಪ್ಪತ್ತೈದು ದಿನದ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲಿ. ಹಳೇ ಕಾಯಿಲೆಗೂ, ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಖರ್ಚಿಗೂ ಅನ್ವಯಿಸುವ ವಿಮೆ ಫೋನಿನಲ್ಲಿ.

ಎಲ್ಲಾ ಸರಿಯಾಗಿದೆ ಅಂದುಕೊಂಡೆ.

ಮೊದಲ ವಾರ: ಹೋಗ್ಲಿ ಬಿಡು

ಮೂರನೇ ದಿನ ಕೆಚಿಕನ್. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು. "ನಮ್ಮ ಆಗುಂಬೆ ಮುಂದೆ ಇದೇನು" ಅಂದ್ರು ಅಪ್ಪ, ಬಾಲ್ಕನಿಯಲ್ಲಿ ಶಾಲು ಹೊದ್ದು. ಆದ್ರೆ ಇಳಿಯೋಕೆ ಹೋದರೆ ಹಡಗಿನಿಂದ ದಡಕ್ಕೆ ಹಾಕಿದ್ದ ಇಳಿಜಾರು ಹಲಗೆ ಎಷ್ಟು ಕಡಿದಾಗಿತ್ತು ಅಂದ್ರೆ, ಗಾಲಿಕುರ್ಚಿ ಇರಲಿ, ನನಗೇ ಭಯ ಆಯ್ತು. ಅಪ್ಪ ಇಳೀಲಿಲ್ಲ. ಆ ಕರಾವಳಿಯಲ್ಲಿ ಉಬ್ಬರ ಇಳಿತ ಜಾಸ್ತಿ, ಹಡಗು ಮೇಲೆ ಕೆಳಗೆ ಆದ ಹಾಗೆ ಹಲಗೆಯ ಇಳಿಜಾರೂ ಬದಲಾಗುತ್ತೆ, ಬಾಗಿಲಲ್ಲಿರುವ ಸಿಬ್ಬಂದಿಯನ್ನ ಕೇಳಿದ್ರೆ ಯಾವ ಹೊತ್ತಿಗೆ ಸಲೀಸು ಅಂತ ಹೇಳ್ತಾರೆ ಅನ್ನೋದೆಲ್ಲ ನನಗೆ ಗೊತ್ತಾಗಿದ್ದು ಸಂಜೆ.

ಐದನೇ ದಿನ ಸ್ಕ್ಯಾಗ್‌ವೇ. ಚಿನ್ನದ ಆಸೆಗೆ 1897-98ರಲ್ಲಿ ಸಾವಿರಾರು ಜನ ನುಗ್ಗಿದ ಊರು. ಅವರಿಗಾಗಿಯೇ 1898ರಲ್ಲಿ ಶುರು ಮಾಡಿ 1900ರಲ್ಲಿ ಮುಗಿಸಿದ್ದು ಈ ನ್ಯಾರೋ ಗೇಜ್ ರೈಲು ದಾರಿ. ರೈಲು ಹಡಗಿನ ಪಕ್ಕಕ್ಕೇ ಬಂದು ನಿಲ್ಲುತ್ತೆ. ನಾನು ಟಿಕೆಟ್ ಮಾಡಿಸಿದ್ದೆ. ಆದರೆ ಗಾಲಿಕುರ್ಚಿ ಎತ್ತುವ ಲಿಫ್ಟ್ ಇರುವ ಬೋಗಿ ಬೇಕು ಅಂತ ಮೊದಲೇ ಹೇಳಿರಲಿಲ್ಲ. ಆ ಬೋಗಿಯಲ್ಲಿ ಜಾಗ ಇರಲಿಲ್ಲ. ಮೆಟ್ಟಿಲು ಹತ್ತೋಕೆ ಅಪ್ಪ ಎರಡು ಸಲ ಪ್ರಯತ್ನಪಟ್ಟರು. ಆಗಲಿಲ್ಲ.

"ಹೋಗ್ಲಿ ಬಿಡು, ಇಲ್ಲಿಂದಾನೇ ನೋಡಿದ್ನಲ್ಲ" ಅಂದ್ರು. ರೈಲು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ನೋಡ್ತಾ ಇದ್ದರು. ಅಮ್ಮ ನನ್ನ ಕಡೆ ನೋಡಲಿಲ್ಲ.

ಒಂದೇ ವಾರದ ಪ್ರವಾಸ ಆಗಿದ್ದರೆ ಅಲ್ಲಿಗೆ ಮುಗೀತಿತ್ತು. ನಾನು ಟಿಕೆಟ್ ಕೌಂಟರ್‌ಗೆ ಹೋಗಿ, "ಆರು ದಿನ ಬಿಟ್ಟು ಮತ್ತೆ ಬರ್ತೀವಿ, ಲಿಫ್ಟ್ ಬೋಗಿಯಲ್ಲಿ ಮೂರು ಸೀಟು ಕೊಡಿ" ಅಂದೆ.

ನಡುವಿನ ದಿನ

ಎಂಟನೇ ದಿನ ಬೆಳಗ್ಗೆ ವಿಟಿಯರ್. ಊರಿನ ಹೆಚ್ಚಿನವರು ವಾಸ ಮಾಡೋದು ಹದಿನಾಲ್ಕು ಮಹಡಿಯ ಒಂದೇ ಕಟ್ಟಡದಲ್ಲಿ! ರಸ್ತೆಯಲ್ಲಿ ಈ ಊರಿಗೆ ಬರಬೇಕಾದರೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಒಂದು ಸುರಂಗ ದಾಟಬೇಕು. ಅದರೊಳಗೆ ಕಾರು, ರೈಲು ಎರಡಕ್ಕೂ ಒಂದೇ ದಾರಿ, ಸರದಿ ಪ್ರಕಾರ ಬಿಡ್ತಾರೆ. ಇದನ್ನ ಹೇಳಿದ್ದಕ್ಕೆ ಅಪ್ಪ, "ಸಿಗ್ನಲ್ ಹೇಗೆ ಕೊಡ್ತಾರಂತೆ?" ಅಂತ ಕೇಳಿದರು.

ಜನ ಎಲ್ಲ ಇಳಿದು ಹೋದ ಮೇಲೆ ಹಡಗು ಮದುವೆ ಮುಗಿದ ಛತ್ರದ ಹಾಗೆ. ಮುಂದುವರಿಯುವ ನಮ್ಮಂಥವರಿಗೆ ಹೊಸ ಕಾರ್ಡ್ ಕೊಟ್ಟರು. ಕೆಲವು ಬಂದರುಗಳಲ್ಲಿ ಎಲ್ಲರೂ ಒಮ್ಮೆ ಕೆಳಗಿಳಿದೇ ಮತ್ತೆ ಹತ್ತಬೇಕು, ಕಾಲು ನೋವಿನವರಿದ್ದರೆ ಮೊದಲೇ ಕೇಳಿಟ್ಟುಕೊಳ್ಳಿ. ಸುರಕ್ಷತಾ ಡ್ರಿಲ್ ಮಾತ್ರ ನಾವು ಮತ್ತೆ ಮಾಡಬೇಕಾಯ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಎರಡನೇ ತಪ್ಪು ಹೊರಬಿತ್ತು. ಭಾರತೀಯ ಸಸ್ಯಾಹಾರ ಅಂತ ಮೊದಲ ಬುಕಿಂಗ್‌ನಲ್ಲಿ ಬರೆಸಿದ್ದೆ, ಎರಡನೆಯದರಲ್ಲಿ ಮರೆತಿದ್ದೆ. ಅಮ್ಮನ ಮುಂದೆ ಬ್ರೆಡ್ಡು, ಬೇಯಿಸಿದ ತರಕಾರಿ. ನಮ್ಮ ಮಾತು ಕೇಳಿಸಿಕೊಂಡ ವೇಟರ್ ಒಬ್ಬ ಬಂದು, "ಆಂಟಿ, ನಾನು ಮಂಗಳೂರಿನವ. ನಾಳೆ ಎಂತ ಬೇಕು ಅಂತ ಇವತ್ತು ರಾತ್ರಿಯೇ ಹೇಳಿ ಆಯ್ತಾ, ಮಾಡಿಸುವ" ಅಂದ. ಮರುದಿನ ಅನ್ನ, ದಾಲು, ಒಂದು ಬಟ್ಟಲು ಮೊಸರು ಬಂತು. ಅಮ್ಮ ಆ ಹುಡುಗನ ಮದುವೆ ವಿಚಾರದವರೆಗೂ ಹೋದರು.

ಎರಡನೇ ವಾರ

ಹೋಗುವಾಗ ಗ್ಲೇಸಿಯರ್ ಬೇ ಪೂರ್ತಿ ಮಂಜಿನಲ್ಲಿ ಮುಚ್ಚಿತ್ತು. ಹಿಮಗಡ್ಡೆ ಮುರಿದು ಬೀಳುವ ಸದ್ದು ಮಾತ್ರ ಗುಡುಗಿನ ಹಾಗೆ ಕೇಳಿಸಿತ್ತು. ಈ ಸಲ ಬಿಸಿಲು. 1794ರಲ್ಲಿ ನಾವಿಕರು ಬಂದಾಗ ಈ ಕೊಲ್ಲಿಯೇ ಇರಲಿಲ್ಲ, ಇಲ್ಲೆಲ್ಲ ಹಿಮವೇ ತುಂಬಿತ್ತು, ಆಮೇಲೆ ನೂರು ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿಯಿತು ಅಂತ ಹಡಗು ಹತ್ತಿದ್ದ ಪಾರ್ಕಿನ ರೇಂಜರ್ ವಿವರಿಸಿದರು. ದೊಡ್ಡ ಕ್ರೂಸ್ ಹಡಗುಗಳನ್ನ ಇಲ್ಲಿಗೆ ದಿನಕ್ಕೆ ಎರಡೇ ಬಿಡ್ತಾರಂತೆ. ಅಪ್ಪ ಒಂದೂವರೆ ಗಂಟೆ ರೇಲಿಂಗ್ ಹಿಡಿದು ನಿಂತಿದ್ದರು. ಮನೆಯಲ್ಲಿ ಹತ್ತು ನಿಮಿಷ ನಿಲ್ಲಲ್ಲ.

ಮರುದಿನ ಸ್ಕ್ಯಾಗ್‌ವೇ. ಎಚ್‌ಎಂಟಿ ನೋಡಿ ಸಮಯಕ್ಕೆ ಮಾತ್ರೆ ಕೊಟ್ಟೆ. ಲಿಫ್ಟ್ ಕುರ್ಚಿಯನ್ನ ಮೇಲಕ್ಕೆತ್ತಿತು, ಅಪ್ಪ ಕಿಟಕಿ ಪಕ್ಕ ಕೂತರು. 32 ಕಿಲೋಮೀಟರ್‌ನಲ್ಲಿ ಸುಮಾರು 870 ಮೀಟರ್ ಏರುವ ದಾರಿ. ಕೆಳಗೆ ಕಣಿವೆ, ಮರದ ಸೇತುವೆ, ಬಂಡೆ ಕೊರೆದ ಅಂಚು. ಅಮ್ಮ ಕಣ್ಣು ಮುಚ್ಚಿದ್ದರೆ ಅಪ್ಪ ಹಳಿಯನ್ನೇ ನೋಡ್ತಿದ್ದರು. "ಕರ್ವ್ ನೋಡು, ಎಷ್ಟು ಟೈಟು. ಮಳೇಲಿ ಇದನ್ನ ನೋಡ್ಕೊಳ್ಳೋದು ಸುಲಭ ಅಲ್ಲ" ಅಂದ್ರು. ಆಮೇಲೆ ಘಾಟಿಯ ಮಳೆಗಾಲದ ರಾತ್ರಿಗಳು, ಲಾಟೀನು ಹಿಡಿದು ಹಳಿ ಮೇಲೆ ನಡೆದದ್ದು, ಗುಡ್ಡ ಜರಿದು ರೈಲು ನಿಂತದ್ದು ಎಲ್ಲ ಒಂದೊಂದಾಗಿ ಬಂತು. ನಾನು ಹುಟ್ಟಿದ ದಿನವೂ ಅವರು ಹಳಿ ಮೇಲಿದ್ದರಂತೆ. ಇದನ್ನ ಅವರು ನನಗೆ ಯಾವತ್ತೂ ಹೇಳಿರಲಿಲ್ಲ.

ಎರಡನೇ ಸುರಂಗ ದಾಟಿದ ಮೇಲೆ ಕೇಳಿದರು: "ಇನ್ನೆಷ್ಟಿವೆ?"

"ಇಷ್ಟೇ ಅಪ್ಪ. ಎರಡೇ."

"ಎರಡೇನಾ? ನಮ್ಮಲ್ಲಿ ಐವತ್ತೇಳು!" ಬೋಗಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.

ಕೆಚಿಕನ್‌ನಲ್ಲಿ ಈ ಸಲ ಹಲಗೆ ಸಲೀಸಾಗುವ ಹೊತ್ತು ಕೇಳಿಕೊಂಡು ಮೂವರೂ ಇಳಿದೆವು. ಮಳೆ ಬರ್ತಾನೇ ಇತ್ತು. ಊರಿನ ತೊರೆಯ ಪಕ್ಕ ಕೊಡೆ ಹಿಡಿದು, ನೀರಿಗೆದುರಾಗಿ ಈಜುವ ಸಾಲ್ಮನ್ ಮೀನುಗಳನ್ನ ನೋಡ್ತಾ ನಿಂತಿದ್ದಾಗ ಅಮ್ಮ ಮೆಲ್ಲಗೆ ಅಂದರು, "ಪುಟ್ಟಿ, ಎರಡು ಸಲ ಬಂದಿದ್ದು ಒಳ್ಳೇದೇ ಆಯ್ತು ಕಣೇ."

ಅಪ್ಪನ ಕೈ ನಡುಗುತ್ತಿತ್ತು. ಎಚ್‌ಎಂಟಿ ನೋಡಿದೆ. ಮಾತ್ರೆಯ ಹೊತ್ತಾಗಿತ್ತು.