ಡಬ್ಬಿಯ ಮೇಲೆ ಡಬ್ಬಿ

ತಂಗಿಯ ಮಗ ಫೋನು, ಲ್ಯಾಪ್‌ಟಾಪು ಸಿಕ್ಕಿಸುವ ಡಬ್ಬಿಗಳನ್ನು ಟಿಫಿನ್ ಕ್ಯಾರಿಯರಿನಂತೆ ಒಂದರ ಮೇಲೊಂದು ಕೂರುವ ಹಾಗೆ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ್ದ. ತಂಗಿ ಬಳೆ ಅಡವಿಟ್ಟ ದುಡ್ಡು ಅದರಲ್ಲಿತ್ತು. ಪರೀಕ್ಷಾ ವರದಿಯಲ್ಲಿ ಆಕ್ಷೇಪಣೆ ಬಂತು. ಉತ್ತರಕ್ಕೆ ಆರು ತಿಂಗಳು.

1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮು. ವಕೀಲರ ಭಾಷೆಗಿಂತ ನಮ್ಮ ಕೆಂಕೆರೆಯ ಈಳಿಗೆಮಣೆಯಲ್ಲೇ ಅದು ಚೆನ್ನಾಗಿ ಅರ್ಥವಾಗುತ್ತದೆ ನೋಡಿ. ಅಲಗು ಸೊಪ್ಪು ಹೆಚ್ಚುತ್ತದೆ, ತುದಿಯ ಹಲ್ಲು ಕಾಯಿ ತುರಿಯುತ್ತದೆ. ಇರುವುದು ಒಂದೇ ಮಣೆಯ ಮೇಲೆ. ಒಂದರ ಕೆಲಸಕ್ಕೆ ಇನ್ನೊಂದು ಬೇಕಿಲ್ಲ. ಗೊತ್ತಿದ್ದ ಸಾಧನಗಳನ್ನು ಹೀಗೆ ಬರಿದೆ ಜೋಡಿಸಿದರೆ ಕಾಯ್ದೆ ಅದನ್ನು ಆವಿಷ್ಕಾರ ಅನ್ನುವುದಿಲ್ಲ. ಪಾತ್ರೆಯನ್ನು ಲೇತಿಗೆ ಹಿಡಿಸುವ ಒಂದು ಉಪಾಯದ ಪೇಟೆಂಟು 1978ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಉಪಯೋಗಕ್ಕೆ ಬಂದರೆ ಸಾಲದು, ಹೊಸತನ ಬೇಕು.

"ಅಷ್ಟು ಚೆನ್ನಾಗಿದೆಯಲ್ಲ ದೊಡ್ಡಮ್ಮ!" ಅಂದ.

"ಚೆನ್ನಾಗಿದೆಯಪ್ಪ. ಒಂಟಿ ಡಬ್ಬಿ ಮಾಡದ ಏನನ್ನು ಎರಡು ಸೇರಿ ಮಾಡುತ್ತವೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಮೇಲೆಷ್ಟು ಡಬ್ಬಿ ಕೂತಿವೆಯೆಂದು ಕೆಳಗಿನದು ತಿಳಿದುಕೊಂಡು, ಯಾವುದೂ ಕಾಯದಂತೆ ಕರೆಂಟು ಹಂಚುತ್ತದಂತೆ! ಅರ್ಜಿಯ ವಿವರಣೆಯಲ್ಲಿ ಅದಕ್ಕೆ ಕೊಟ್ಟಿದ್ದು ಒಂದೇ ಸಾಲು. ಮೊದಲು ಬರೆಯದ್ದನ್ನು ಆಮೇಲೆ ಸೇರಿಸುವಂತಿಲ್ಲ, ಆ ಸಾಲು ಇದ್ದದ್ದೇ ಪುಣ್ಯ.

ಅದನ್ನೇ ಹಕ್ಕು ಕೇಳುವ ಭಾಗಕ್ಕೆ ಎತ್ತಿಕೊಂಡು ಉತ್ತರ ಕಳಿಸಿದ್ದಾನೆ. ತಂಗಿಯ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ.