ಹೇಳಿಕೊಳ್ಳಲಾಗದ ನೋವು

ತಲೆನೋವನ್ನಾಗಲಿ ಹಲ್ಲುನೋವನ್ನಾಗಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೆ ಯಾರೂ ನಾಚುವುದಿಲ್ಲ. ಮಂಡಿನೋವಂತೂ ಅರುವತ್ತು ದಾಟಿದವರ ಗೋಷ್ಠಿಯಲ್ಲಿ ಕುಶಲಪ್ರಶ್ನೆಯ ಒಂದಂಗವೇ ಆಗಿರುವುದು. ಆದರೆ ದೇಹದಲ್ಲಿ ವಸ್ತ್ರದಿಂದ ಮರೆಯಾದ ಕೆಲವು ಸ್ಥಾನಗಳುಂಟು. ಅಲ್ಲಿ ಹುಟ್ಟಿದ ನೋವಿಗೆ ಬಾಯಿಯಿಲ್ಲ. ಅಂತಹ ನೋವೊಂದನ್ನು ನಾವು ಮೂರು ವರ್ಷಗಳ ಕಾಲ ಮುಚ್ಚಿಟ್ಟುಕೊಂಡಿದ್ದೆವು. ನೋವಿನಿಂದಾದ ನಷ್ಟಕ್ಕಿಂತ ಮುಚ್ಚಿಟ್ಟದ್ದರಿಂದಾದ ನಷ್ಟವು ಕಡಮೆಯಲ್ಲವೆಂದು ಈಗ ತಿಳಿದುಬಂದಿರುವುದರಿಂದ, ಮನೆಮಂದಿಯೆಲ್ಲರೂ ಓದುವ ಈ ಪತ್ರಿಕೆಯಲ್ಲಿಯೇ ಅದನ್ನು ಬರೆಯಲು ಮನಸ್ಸು ಮಾಡಿದ್ದೇವೆ. ವಾಚಕ ಮಹಾಶಯರು ಕ್ಷಮಿಸಬೇಕು.

ನಾವು ಮೂವತ್ತು ವರ್ಷ ಪಾಠಶಾಲೆಗೆ ಬೈಸಿಕಲ್ಲಿನ ಮೇಲೆ ಹೋಗಿಬಂದವರು; ಮನೆಗೆ ಬಂದರೆ ಮಣೆಯ ಮೇಲೆ ಕುಳಿತು ಓದುವ ಅಭ್ಯಾಸದವರು. ನಿವೃತ್ತಿಗೆ ಎರಡು ವರ್ಷ ಮುಂಚೆ, ಕುಳಿತಾಗ ನೆಲವನ್ನು ಮುಟ್ಟುವ ಭಾಗದ ನಡುವೆ ಒಂದು ಬಗೆಯ ಉರಿ ಕಾಣಿಸಿಕೊಂಡಿತು. ನಿಂತರೆ ಇಲ್ಲ, ಮಲಗಿದರೆ ಇಲ್ಲ. ಕುಳಿತು ಹತ್ತು ನಿಮಿಷವಾದರೆ ಕೆಂಡದ ಮೇಲೆ ಕುಳಿತಂತೆ. ಮೊದಲು ಮೂಲವ್ಯಾಧಿಯೆಂದು ಭಾವಿಸಿದೆವು. ವೈದ್ಯರೊಬ್ಬರು ಪ್ರಾಸ್ಟೇಟ್ ಗ್ರಂಥಿಯ ಸೋಂಕೆಂದು ಮೂರು ಸಲ ಔಷಧ ಕೊಟ್ಟರು. ಹೊಟ್ಟೆ ಕೆಟ್ಟಿತೇ ಹೊರತು ಉರಿ ಇಳಿಯಲಿಲ್ಲ. ತರಗತಿಯಲ್ಲಿ ನಿಂತೇ ಪಾಠ ಹೇಳಲಾರಂಭಿಸಿದೆವು. ಹುಡುಗರು ಅದನ್ನು ಮೇಷ್ಟ್ರ ಉತ್ಸಾಹವೆಂದು ತಿಳಿದರು. ಮನೆಯಲ್ಲಿ ಬೆನ್ನುನೋವೆಂದು ಹೇಳಿದೆವು. ತಂದೆಯವರ ಶ್ರಾದ್ಧದ ದಿನ, ಹಿರಿಯ ಮಗನಾದ ನಾವಿರುವಾಗಲೇ, ಪುರೋಹಿತರಿಗೆ ಮಂಡಿನೋವೆಂದು ಸುಳ್ಳು ಹೇಳಿ ತಮ್ಮನನ್ನು ಮಣೆಯ ಮೇಲೆ ಕೂರಿಸಿದೆವು. ಪಿತೃಕಾರ್ಯದಲ್ಲಿ ನುಡಿದ ಆ ಸುಳ್ಳು ಉರಿಗಿಂತಲೂ ಹೆಚ್ಚಾಗಿ ನಮ್ಮನ್ನು ಸುಟ್ಟಿತು.

ಕಡೆಗೆ ಬೆಂಗಳೂರಿನಲ್ಲಿ ನರರೋಗದ ವೈದ್ಯರೊಬ್ಬರು ನಮ್ಮ ಮಾತನ್ನು ಪೂರ್ತಿಯಾಗಿ ಕೇಳಿದರು. "ಮೇಷ್ಟ್ರೇ, ಈ ನೋವು ರಾತ್ರಿ ನಿಮ್ಮನ್ನು ನಿದ್ರೆಯಿಂದ ಎಬ್ಬಿಸುತ್ತದೆಯೆ?" ಎಂದರು. ಇಲ್ಲವೆಂದೆವು. "ಶೌಚದ ಪೀಠದ ಮೇಲೆ ಕುಳಿತಾಗ?" ಆಗ ಅಷ್ಟಾಗಿ ಇಲ್ಲವೆಂದೆವು. ಇದು ಪ್ಯೂಡೆಂಡಲ್ ಎಂಬ ನರದ ಬೇನೆಯಿರಬಹುದೆಂದು ಅವರು ವಿವರಿಸಿದರು. ಬೆನ್ನೆಲುಬಿನ ತಳದಲ್ಲಿರುವ ತ್ರಿಕಾಸ್ಥಿಯ ಎರಡು, ಮೂರು, ನಾಲ್ಕನೆಯ ನರಮೂಲಗಳಿಂದ ಹುಟ್ಟುವ ಈ ನರವು ಒಂದು ಇಕ್ಕಟ್ಟಾದ ನಾಳದ ಮೂಲಕ ಸಾಗಿ ಗುಹ್ಯಪ್ರದೇಶಕ್ಕೆ ಹರಡುವುದು. ಆ ನಾಳವನ್ನು 1836ರಲ್ಲಿ ವರ್ಣಿಸಿದ ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್ ಎಂಬವರ ಹೆಸರು ಅದಕ್ಕೆ ಇಂದಿಗೂ ನಿಂತಿದೆ. ಕುಳಿತರೆ ಹೆಚ್ಚುವುದು, ನಿದ್ರೆಯಿಂದ ಎಬ್ಬಿಸದಿರುವುದು ಮೊದಲಾದ ಐದು ಲಕ್ಷಣಗಳನ್ನು ಫ್ರಾನ್ಸಿನ ನಾಂತ್ ನಗರದ ವೈದ್ಯರು 2008ರಲ್ಲಿ ಪ್ರಕಟಿಸಿದ್ದು, ಇದನ್ನು ಗುರುತಿಸಲು ಅವನ್ನೇ ಆಧಾರವಾಗಿ ಇಟ್ಟುಕೊಂಡಿರುವರು. ಬೈಸಿಕಲ್ ಸವಾರಿಯೂ ಇದಕ್ಕೊಂದು ಕಾರಣವಾಗಬಹುದಂತೆ. ಹೆಸರಿನ ಮೂಲವನ್ನು ಹುಡುಕದೆ ಬಿಡುವುದು ನಮ್ಮ ವೃತ್ತಿಗೆ ಸಲ್ಲದು. ಲ್ಯಾಟಿನ್ ಭಾಷೆಯಲ್ಲಿ ಅದು ನಾಚಿಕೆಪಡು ಎಂಬರ್ಥದ ಧಾತುವಿನಿಂದ ಬಂದುದು. ನಮ್ಮ ಗುಹ್ಯಶಬ್ದವಾದರೋ ಮುಚ್ಚಿಡು ಎಂಬರ್ಥದ ಧಾತುವಿನಿಂದ ಬಂದುದು. ಎರಡು ಭಾಷೆಗಳೂ ಸೇರಿ ನಮ್ಮ ಮೂರು ವರ್ಷದ ಚರಿತ್ರೆಯನ್ನೇ ಹೇಳಿದಂತಾಯಿತು.

ಚಿಕಿತ್ಸೆಯ ವಿಷಯ. ನರವು ನೊಂದರೆ ಸುತ್ತಲಿನ ಸ್ನಾಯುಗಳು ಬಿಗಿಯುವುವು. ಸ್ನಾಯುಗಳು ಬಿಗಿದರೆ ನರವು ಮತ್ತಷ್ಟು ನೋಯುವುದು. ಬೀಜಾಂಕುರನ್ಯಾಯದಂತೆ ಯಾವುದು ಮೊದಲೆಂದು ಹೇಳಲಾಗದು. ಆದುದರಿಂದ ಆ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮವನ್ನು ಮೊದಲು ಕಲಿಸಿದರು. ನರದ ನೋವಿಗೆಂದು ರಾತ್ರಿ ಒಂದು ಮಾತ್ರೆ ಕೊಟ್ಟರು. ಅಷ್ಟರಿಂದ ಸಾಲದಿರಲು ಬ್ಯಾಕ್ಲೋಫೆನ್ ಎಂಬ ಸ್ನಾಯುಶಿಥಿಲಕಾರಿಯಾದ ಔಷಧವನ್ನು ಬತ್ತಿಯ ರೂಪದಲ್ಲಿ ಮಾಡಿಸಿ ಗುದದ್ವಾರದಲ್ಲಿ ಇಟ್ಟುಕೊಳ್ಳಲು ಹೇಳಿದರು. ಈ ಔಷಧವನ್ನು 1962ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಪಸ್ಮಾರಕ್ಕೆಂದು ತಯಾರಿಸಿದರಂತೆ. ಅಲ್ಲಿ ಸೋತು, ಸ್ನಾಯುಗಳ ಸೆಡೆತಕ್ಕೆ ಒದಗಿತು.

ಬತ್ತಿಯೆಂದೊಡನೆ ನಮಗೆ ಚರಕಸಂಹಿತೆಯಲ್ಲಿ ಬರುವ ಫಲವರ್ತಿಯ ನೆನಪಾಯಿತು. ಸಂಸ್ಕೃತದ ವರ್ತಿಯೇ ಕನ್ನಡದ ಬತ್ತಿ. ದೇವರ ದೀಪದ್ದೂ ಅದೇ, ಈ ಔಷಧದ್ದೂ ಅದೇ. ಇದನ್ನು ಹೇಳಿದಾಗ ವೈದ್ಯರು ನಕ್ಕರು, ಆದರೆ ಮರುಕ್ಷಣವೇ ಗಂಭೀರರಾಗಿ, "ಈ ಬೇನೆಗೆ ಈ ರೂಪದಲ್ಲಿ ಔಷಧವು ಖಂಡಿತ ಫಲಿಸುವುದೆಂಬುದಕ್ಕೆ ಬಲವಾದ ಪ್ರಮಾಣವಿಲ್ಲ. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ" ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಡಯಾಜೆಪಾಮ್ ಎಂಬ ಇನ್ನೊಂದು ಔಷಧವನ್ನು ಸ್ತ್ರೀಯರಲ್ಲಿ ಹೀಗೆಯೇ ಬಳಸಿ ನೋಡಿದ ಒಂದು ಚಿಕ್ಕ ಪರೀಕ್ಷೆಯಲ್ಲಿ (2013) ಔಷಧವಿಲ್ಲದ ಹುಸಿಬತ್ತಿಗಿಂತ ಅದು ಮೇಲೆಂದು ಕಂಡುಬರಲಿಲ್ಲವೆಂದೂ ಹೇಳಿದರು. ಆ ನೇರವಾದ ಮಾತೇ ನಮಗೆ ಅವರಲ್ಲಿ ವಿಶ್ವಾಸವನ್ನು ಹುಟ್ಟಿಸಿತು.

ಮೊದಲ ರಾತ್ರಿ ಎಡಮಗ್ಗುಲಾಗಿ ಮಲಗಿ ಬತ್ತಿಯನ್ನಿಟ್ಟುಕೊಂಡೆವು. ಕೋಕೋ ಬೆಣ್ಣೆಯಿಂದ ಮಾಡಿದ್ದಾದುದರಿಂದ ಮೈಯ ಕಾವಿಗೆ ಕರಗಿತು. ಬೆಳಗ್ಗೆ ಎದ್ದಾಗ ತಲೆ ಭಾರ, ಮಂಪರು. ವೃತ್ತಪತ್ರಿಕೆಯ ಅಕ್ಷರಗಳು ಓಡಾಡಿದುವು. ಎರಡನೆಯ ವಾರ ಮಂಪರು ತಗ್ಗಿತು. ಒಂದು ತಿಂಗಳಾಗುವಷ್ಟರಲ್ಲಿ ಹತ್ತು ನಿಮಿಷ ಕೂರಲಾರದವರು ನಲವತ್ತು ನಿಮಿಷ ಕುಳಿತೆವು. ನೋವು ಹೋಯಿತೆಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು. ಅದು ದೂರ ಸರಿದು ಕುಳಿತಿತು, ಅಷ್ಟೆ. ಅದರಲ್ಲಿ ಬತ್ತಿಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂಬುದನ್ನು ವಿಂಗಡಿಸಲಾರೆವು.

ವ್ಯಾಯಾಮ ಕಲಿಸುವ ಕೊಠಡಿಯ ಹೊರಗೆ ಬೆಂಚುಗಳಿದ್ದುವು. ನಾವು ಐದಾರು ಮಂದಿ ಮಾತ್ರ ಗೋಡೆಗೊರಗಿ ನಿಂತಿರುತ್ತಿದ್ದೆವು. ಆ ನಿಲುವೇ ನಮ್ಮ ಪರಸ್ಪರ ಪರಿಚಯ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಬತ್ತಿಯಿಂದ ಒಳ್ಳೆಯ ಉಪಶಮನ ದೊರೆತಿತ್ತು. ಬಸ್ಸು ನಡೆಸುವವರೊಬ್ಬರು ಮಂಪರಿನ ಭಯದಿಂದ ಅದನ್ನು ಮುಟ್ಟಲೇ ಇಲ್ಲ. ಅವರ ಪಾಲಿಗೆ ಅದೇ ವಿವೇಕ. ತರುಣನೊಬ್ಬನು ಗುಣವಾಯಿತೆಂದು ಬ್ಯಾಕ್ಲೋಫೆನ್ನನ್ನು ಒಮ್ಮೆಲೇ ನಿಲ್ಲಿಸಿ, ನಡುಕ ಹತ್ತಿ ಆಸ್ಪತ್ರೆ ಸೇರಿದ್ದನು. ಇದನ್ನು ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸತಕ್ಕದ್ದೇ ಹೊರತು ತಟ್ಟನೆ ಬಿಡತಕ್ಕದ್ದಲ್ಲ. ಬಿಟ್ಟರೆ ಸೆಳವು ಬರುವುದೂ ಉಂಟು. ಆದುದರಿಂದ ನಮ್ಮ ಈ ಲೇಖನವನ್ನು ಓದಿ ಯಾರೂ ಸ್ವಯಂವೈದ್ಯಕ್ಕೆ ಹೊರಡಬಾರದೆಂದು ಪ್ರಾರ್ಥಿಸುತ್ತೇವೆ.

ಬತ್ತಿಗಳನ್ನು ತಂಪಿನಲ್ಲಿಡಬೇಕು. ಫ್ರಿಜ್ಜಿನ ಮೂಲೆಯಲ್ಲಿ, ಹುಣಿಸೆಹಣ್ಣಿನ ಡಬ್ಬಿಯ ಹಿಂದೆ ಅಡಗಿಸಿಟ್ಟಿದ್ದೆವು. ಒಂದು ದಿನ ಮೊಮ್ಮಗಳು ಆ ಪೊಟ್ಟಣವನ್ನು ಹಿಡಿದು, "ತಾತ, ಈ ಬಿಳಿ ಚಾಕಲೇಟು ಯಾರದು?" ಎನ್ನುತ್ತ ಓಡಿಬಂದಳು. ನಮ್ಮ ಎದೆ ಧಸಕ್ಕೆಂದಿತು. ಗುಟ್ಟು ರಟ್ಟಾಯಿತೆಂದಲ್ಲ, ನಮ್ಮ ಗುಟ್ಟಿಗಾಗಿ ಮಗುವಿನ ಪ್ರಾಣಕ್ಕೆ ಸಂಚಕಾರ ಬರುತ್ತಿತ್ತಲ್ಲಾ ಎಂದು. ಆ ರಾತ್ರಿ ಮನೆಯಾಕೆಗೆ ಎಲ್ಲವನ್ನೂ ಹೇಳಿದೆವು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೈಯಲ್ಲಿ ಹೊಸೆಯುತ್ತಿದ್ದ ಹೂಬತ್ತಿಯನ್ನು ತಟ್ಟೆಯಲ್ಲಿಟ್ಟು, "ಎರಡನೆಯ ಹೆರಿಗೆಯಾದಾಗಿನಿಂದ ನನಗೂ ಅಲ್ಲೇ ನೋವು. ಯಾರ ಹತ್ತಿರ ಹೇಳಿಕೊಳ್ಳಲಿ? ನಿಮ್ಮ ಹತ್ತಿರ ಹೇಳೋಣವೆಂದರೆ ನೀವು ಮೇಷ್ಟ್ರು" ಎಂದಳು. ಎರಡನೆಯ ಮಗನಿಗೆ ಈಗ ಇಪ್ಪತ್ತೆಂಟು ವರ್ಷ. ಆಕೆ ಅಡುಗೆಮನೆಯಲ್ಲಿ ನಿಂತೇ ಊಟ ಮಾಡುವುದನ್ನು ಕಂಡು, ಕೆಲಸದ ಅವಸರವೆಂದು ನಾವು ಎಷ್ಟೋ ಸಲ ಗದರಿಸಿದ್ದುಂಟು. ನಾವು ಮೂರು ವರ್ಷಕ್ಕೇ ಹಣ್ಣಾದೆವು. ಆಕೆ ಇಪ್ಪತ್ತೆಂಟು ವರ್ಷ ನಮ್ಮ ಬಳಿಯಲ್ಲಿಯೇ ಇದ್ದು ಬಾಯಿ ಬಿಡಲಿಲ್ಲ. ಈಗ ಇಬ್ಬರೂ ಒಂದೇ ದಿನ ಆಸ್ಪತ್ರೆಗೆ ಹೋಗುವೆವು. ಆಕೆಗೆ ಬತ್ತಿ ಬೇಕಾಗಲಿಲ್ಲ. ವ್ಯಾಯಾಮದಿಂದಲೇ ಸ್ವಲ್ಪ ಹಗುರವಾಗಿದೆ. ಈಗ ಕುಳಿತು ಊಟ ಮಾಡುತ್ತಾಳೆ.

ಈ ವರ್ಷದ ಶ್ರಾದ್ಧವನ್ನು ನಾವೇ ಮಾಡಿದೆವು. ಮಣೆಯ ಮೇಲೆ ನಡುವೆ ಹಳ್ಳವಿರುವ ದಿಂಬನ್ನಿಟ್ಟು, ಎರಡೆರಡು ಸಲ ಎದ್ದು ನಿಲ್ಲಲು ಅಪ್ಪಣೆ ಬೇಡಿ, ಹೋದ ಸಲದ ಸುಳ್ಳನ್ನೂ ಅದರ ಕಾರಣವನ್ನೂ ಪುರೋಹಿತರಿಗೆ ಒಪ್ಪಿಸಿದೆವು. ಅವರು ಏನೂ ಅನ್ನಲಿಲ್ಲ. ದಕ್ಷಿಣೆ ತೆಗೆದುಕೊಂಡು ಹೊರಡುವಾಗ ಬಾಗಿಲವರೆಗೆ ಹೋದವರು ಹಿಂದಿರುಗಿ ಬಂದು, ತಗ್ಗಿದ ದನಿಯಲ್ಲಿ ಆ ವೈದ್ಯರ ವಿಳಾಸವನ್ನು ಕೇಳಿ ಬರೆದುಕೊಂಡರು.