ವಸ್ತ್ರದ ಮರೆಯ ಬೆಲೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯು ನಾಡಿನಲ್ಲೆಲ್ಲ ಹೆಸರಾದುದು. ಹಳ್ಳಿಕಾರ್ ತಳಿಯ ಎತ್ತುಗಳನ್ನು ಅರಸಿ ದೂರದ ಊರುಗಳ ರೈತರು ಅಲ್ಲಿಗೆ ಬರುತ್ತಾರೆ. ಇಂತಹ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳದಿರುವುದು ಹಳೆಯ ರೂಢಿ. ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ಸೂಚಿಸುತ್ತಾರೆ. ಸುತ್ತಲೂ ನೂರಾರು ದನಗಳಿದ್ದರೂ ವಸ್ತ್ರದ ಮರೆಯಲ್ಲಿರುವುದು ಒಬ್ಬ ಮಾರುವವನ ಮತ್ತು ಒಬ್ಬ ಕೊಳ್ಳುವವನ ವ್ಯವಹಾರ ಮಾತ್ರ. ಮೂರನೆಯವನಿಗೆ ಬೆಲೆ ತಿಳಿಯದು.

ಈ ಬೆರಳುಗಳ ಸಂವಾದದಲ್ಲಿ ಎರಡು ಗುಟ್ಟುಗಳಿವೆ. ಇದಕ್ಕಿಂತ ಕಡಮೆಗೆ ಕೊಡಲಾರೆನೆಂಬುದು ಮಾರುವವನ ಗಡಿ. ಇದಕ್ಕಿಂತ ಹೆಚ್ಚು ತೆರಲಾರೆನೆಂಬುದು ಕೊಳ್ಳುವವನ ಗಡಿ. ಒಂದು ಜೊತೆ ಎತ್ತಿಗೆ ಮೊದಲನೆಯದು 80,000 ರೂಪಾಯಿ, ಎರಡನೆಯದು 1,00,000 ರೂಪಾಯಿ ಎಂದಿರಲಿ. ಇವುಗಳ ನಡುವೆ ಎಲ್ಲಿ ವ್ಯಾಪಾರ ಕುದುರಿದರೂ ಇಬ್ಬರಿಗೂ ಲಾಭವೇ. ಆದರೆ ನಡುವಣ 20,000 ರೂಪಾಯಿಯಲ್ಲಿ ಯಾರ ಪಾಲು ಎಷ್ಟು?

ಹಲವರು ಮಾರಿ ಹಲವರು ಕೊಳ್ಳುವೆಡೆ ಪೈಪೋಟಿಯೇ ಇದಕ್ಕೆ ಉತ್ತರ ನೀಡುತ್ತದೆ. ಒಬ್ಬನಿಗೆ ಒಬ್ಬನೇ ಎದುರಾದಾಗ ಬೆಲೆಯ ಗಡಿಗಳನ್ನು ಹೇಳಬಹುದೇ ಹೊರತು ಬೆಲೆಯನ್ನೇ ಹೇಳಲಾಗದೆಂದು ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1881ರಲ್ಲಿ ತೋರಿಸಿದರು. 1950ರಲ್ಲಿ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಚೌಕಾಸಿಯನ್ನು ಗಣಿತಕ್ಕೆ ಅಳವಡಿಸಿದರು. ಮಾತು ಮುರಿದುಬಿದ್ದರೆ ಯಾರ ಸ್ಥಿತಿ ಏನಾಗುವುದೆಂಬುದು ಅವರ ಲೆಕ್ಕದಲ್ಲಿ ಮುಖ್ಯವಾದ ಅಂಶ.

ಗಣಿತದ ಈ ಸೂತ್ರ ರೈತನಿಗೆ ಬದುಕಿನ ಅನುಭವ. ಮಳೆ ಕೈಕೊಟ್ಟು ಮೇವು ತೀರಿದವನು, ಸಾಲದ ಗಡುವು ಸಮೀಪಿಸಿದವನು ಎತ್ತುಗಳನ್ನು ಮನೆಗೆ ಮರಳಿ ಹೊಡೆದುಕೊಂಡು ಹೋಗಲಾರನು. ಕೊಳ್ಳುವವನು ಇದನ್ನು ಅರಿತನೆಂದರೆ ಬೆಲೆ ಇಳಿಯತೊಡಗುತ್ತದೆ. ಎತ್ತಿನ ಕಸುವು ಕುಂದಿಲ್ಲ. ಕುಂದಿದುದು ಒಡೆಯನ ಕಾಯುವ ಶಕ್ತಿ. ಕೂಲಿಯ ವಿಷಯದಲ್ಲಿಯೂ ಹೀಗೆಯೇ. ಧಣಿಯು ಕೆಲಸಗಾರನಿಗಿಂತ ಹೆಚ್ಚು ಕಾಲ ತಡೆದಿರಬಲ್ಲನೆಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಬರೆದಿದ್ದರು.

ಆದುದರಿಂದ ದುರ್ಬಲನಿಗೆ ಬೇಕಾದುದು ಅನುಕಂಪಕ್ಕಿಂತ ಮಿಗಿಲಾಗಿ ಇನ್ನೊಂದು ದಾರಿ. ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಮೇರೆಗೆ ಪ್ರಾಂಗಣಗಳಲ್ಲಿ ನಡೆಯುವ ಬಹಿರಂಗ ಹರಾಜು ಅಂತಹ ಒಂದು ದಾರಿ. ಅಲ್ಲಿ ಒಬ್ಬ ರೈತನ ಎದುರು ಹಲವರು ಕೊಳ್ಳುವವರಿರುತ್ತಾರೆ. ಬೆಲೆ ಎಲ್ಲರ ಕಿವಿಗೂ ಬೀಳುತ್ತದೆ. ಹರಾಜಿಲ್ಲದ ಕಡೆಗಳಲ್ಲಿ ಉಳಿಯುವುದು ಮನುಷ್ಯನ ವಿವೇಕ. ಎದುರಿನವನ ಕಷ್ಟವನ್ನು ಬಲ್ಲವನು ಅದನ್ನು ತನ್ನ ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳದಿರುವುದೇ ವ್ಯಾಪಾರದ ಧರ್ಮ.